ಫ್ಯೂಸ್ ಮುಟ್ಟುವ ಮೊದಲು: ಸೋಲುತ್ತಿರುವ ಫುಟ್‌ಬಾಲ್ ತಂಡದ ದೋಷ ಪತ್ತೆ

2023ರ ಡಿಸೆಂಬರ್ 8ರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮ ಬೆಂಗಳೂರು ಎಫ್‌ಸಿ ವಿರುದ್ಧ ಮುಂಬೈ ಸಿಟಿ ನಾಲ್ಕನೇ ಗೋಲು ಹೊಡೆದಾಗ ನನ್ನ ಪಕ್ಕದ ಸೀಟಿನವರು ಎದ್ದು ನಿಂತರು. ಮೂರು ಸೀಸನ್‌ಗಳಿಂದ ಅದೇ ಜಾಗದಲ್ಲಿ ಕೂರುವವರು ಅವರು; ಹೆಸರು ಇವತ್ತಿಗೂ ಕೇಳಿಲ್ಲ, ಮೊಬೈಲ್ ನಂಬರ್ ಮಾತ್ರ ಇದೆ. ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣವನ್ನು ಮುದುರಿ ಜೇಬಿಗೆ ತುರುಕಿಕೊಂಡು, "ಈ ಕೋಚನ್ನು ಇವತ್ತೇ ತೆಗೆಯಬೇಕು ಸಾರ್" ಎಂದರು. ಕ್ಲಬ್ಬಿನವರಿಗೂ ಹಾಗೆಯೇ ಅನ್ನಿಸಿತ್ತು. ಮರುದಿನ ಕೋಚ್ ಸೈಮನ್ ಗ್ರೇಸನ್ ಹುದ್ದೆಯಲ್ಲಿರಲಿಲ್ಲ.

ನನ್ನ ಕಸುಬು ಫುಟ್‌ಬಾಲ್ ಅಲ್ಲ. ಪೀಣ್ಯದಲ್ಲಿ ಮೂವತ್ತು ವರ್ಷ ಮೋಟಾರ್ ರಿಪೇರಿ ಮಾಡಿದವನು ನಾನು. ಆ ರಾತ್ರಿ ಮೆಟ್ರೋದಲ್ಲಿ ಮನೆಗೆ ಮರಳುವಾಗ ನೆನಪಾದದ್ದು ಒಂದು ಹಳೆಯ ನೀರಿನ ಪಂಪ್. ಒಂದು ಕಾರ್ಖಾನೆಯಲ್ಲಿ ಅದರ ಫ್ಯೂಸ್ ಪದೇಪದೇ ಹೋಗುತ್ತಿತ್ತು. ಅಲ್ಲಿದ್ದ ಹುಡುಗ ಮೂರು ಸಲ ಹೊಸ ತಂತಿ ಕಟ್ಟಿದ. ನಾಲ್ಕನೇ ಸಲ ಬೇಸರ ಬಂದು ದಪ್ಪ ತಂತಿ ಸುತ್ತಿ ಮುಚ್ಚಿದ. ಆಮೇಲೆ ಫ್ಯೂಸ್ ಹೋಗಲಿಲ್ಲ, ವೈಂಡಿಂಗೇ ಸುಟ್ಟಿತು. ನಾನು ಹೋಗಿ ಬಿಚ್ಚಿದಾಗ ಬೇರಿಂಗ್‌ನೊಳಗಿನ ಗ್ರೀಸ್ ಒಣಗಿ, ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಶಾಫ್ಟನ್ನು ಕೈಯಿಂದ ತಿರುಗಿಸಲೂ ಆಗಲಿಲ್ಲ. ನಿರ್ವಹಣಾ ರಿಜಿಸ್ಟರ್ ತರಿಸಿದೆ. ಆರು ತಿಂಗಳ ಹಿಂದಿನ "ಗ್ರೀಸಿಂಗ್" ಸಾಲಿನಲ್ಲಿ ತಾರೀಖು ಇತ್ತು, ಸಹಿ ಇರಲಿಲ್ಲ. ಅಂದು ಬೈಸಿಕೊಂಡವನು ಫ್ಯೂಸ್ ಕಟ್ಟಿದ ಹುಡುಗ.

ವೃತ್ತಿಪರ ಫುಟ್‌ಬಾಲ್ ತಂಡದಲ್ಲಿ ಕೋಚ್ ಎಂದರೆ ಈ ಫ್ಯೂಸ್. ಇಪ್ಪತ್ತೈದು ಮೂವತ್ತು ಆಟಗಾರರ ಜತೆಗೆ ಒಪ್ಪಂದಗಳಿರುತ್ತವೆ. ವರ್ಗಾವಣೆಯ ಕಿಟಕಿ, ಅಂದರೆ ಆಟಗಾರರನ್ನು ಕೊಳ್ಳಲು ಮಾರಲು ಬಿಡುವ ಅವಧಿ, ತೆರೆಯದೆ ಅವರನ್ನು ಬದಲಿಸಿ ಹೊಸಬರನ್ನು ನೋಂದಾಯಿಸುವಂತಿಲ್ಲ. ಮಾಲೀಕ ತನ್ನನ್ನು ತಾನೇ ಕೆಲಸದಿಂದ ತೆಗೆದುಕೊಳ್ಳುವುದಿಲ್ಲ. ವರ್ಷದ ಯಾವ ದಿನ ಬೇಕಾದರೂ ಕಿತ್ತು ಬದಲಿಸಬಹುದಾದ ಭಾಗ ಅದೊಂದೇ. ಹಾಗಾಗಿ ಮೊದಲು ಸುಡುವುದೂ ಅದೇ. ಸುಟ್ಟಿದೆ ಎಂದ ಮಾತ್ರಕ್ಕೆ ದೋಷ ಅಲ್ಲಿಯೇ ಹುಟ್ಟಿತು ಎನ್ನುವಂತಿಲ್ಲ. ದೋಷ ಎಲ್ಲಿ ಹುಟ್ಟಿತು ಎಂದು ಹುಡುಕುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಮೇಜಿನ ಮೇಲೆ ಬಿಚ್ಚಿಟ್ಟಿರುವ ಯಂತ್ರ ಹೆಚ್ಚಾಗಿ ನಮ್ಮ ಬೆಂಗಳೂರು ಎಫ್‌ಸಿ; ಹೋಲಿಸಲು ಬೇಕಾದಾಗ ಬೇರೆ ಊರಿನವನ್ನೂ ತೆಗೆದುಕೊಂಡಿದ್ದೇನೆ.

ಮೊದಲ ಪರೀಕ್ಷೆ: ನಿಜವಾಗಿಯೂ ಕೆಟ್ಟಿದೆಯೇ?

ಮೋಟಾರ್ ಸದ್ದು ಮಾಡುತ್ತಿದೆ ಎಂದು ದೂರು ಬಂದರೆ ಮೊದಲು ಕಿವಿ ಕೊಡಬೇಕು, ಸ್ಪ್ಯಾನರ್ ಆಮೇಲೆ. ತಂಡ ಸೋಲುತ್ತಿದೆ ಎಂದರೆ ಎರಡು ಅರ್ಥವಿರಬಹುದು: ಆಟ ಕೆಟ್ಟಿದೆ, ಇಲ್ಲವೇ ಆಟ ಸರಿಯಿದ್ದು ಫಲ ಮಾತ್ರ ಬರುತ್ತಿಲ್ಲ. ಫುಟ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ ಬೀಳುವುದು ಎರಡೋ ಮೂರೋ ಗೋಲು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದೃಷ್ಟಕ್ಕೆ ಬಹಳ ಜಾಗವಿದೆ. ಒಂದು ಚೆಂಡು ಕಂಬಕ್ಕೆ ಬಡಿದು ಒಳಗೆ ಹೋಗುತ್ತದೆ, ಇನ್ನೊಂದು ಹೊರಗೆ.

ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ 2015ರ ಫೆಬ್ರುವರಿಯಲ್ಲಿ 19 ಪಂದ್ಯಗಳಾದ ಮೇಲೆ ಲೀಗ್ ಪಟ್ಟಿಯ ಕೊನೆಯ ಸ್ಥಾನದಲ್ಲಿತ್ತು. ಕೋಚ್ ಯೂರ್ಗನ್ ಕ್ಲಾಪ್. ಸೃಷ್ಟಿಸಿದ ಅವಕಾಶಗಳು ಎಷ್ಟು, ಎದುರಾಳಿಗೆ ಬಿಟ್ಟುಕೊಟ್ಟವು ಎಷ್ಟು ಎಂದು ಲೆಕ್ಕ ಹಾಕಿದವರಿಗೆ ಬೇರೆಯೇ ಚಿತ್ರ ಕಂಡಿತ್ತು: ಆಟ ಅಷ್ಟೇನೂ ಕೆಟ್ಟಿರಲಿಲ್ಲ, ಅದೃಷ್ಟ ಕೈಕೊಟ್ಟಿತ್ತು. ಕ್ಲಬ್ ಕ್ಲಾಪ್ ಅವರನ್ನು ತೆಗೆಯಲಿಲ್ಲ. ತಂಡ ಏಳನೇ ಸ್ಥಾನಕ್ಕೆ ಏರಿತು, ಜರ್ಮನ್ ಕಪ್‌ನ ಫೈನಲ್ ಕೂಡ ಆಡಿತು. ಆ ಸೀಸನ್ ಮುಗಿಸಿ ಕ್ಲಾಪ್ ತಾವಾಗಿಯೇ ಹೊರಟಾಗ, ಇದೇ ಬಗೆಯ ಲೆಕ್ಕ ಮಾಡಿ ನೋಡಿದ್ದ ಲಿವರ್‌ಪೂಲ್ ಅವರನ್ನು ಕರೆಸಿಕೊಂಡಿತು.

ಈ ಪರೀಕ್ಷೆಯನ್ನು ತಿರುಗಿಸಿಯೂ ಮಾಡಬೇಕು, ಅದನ್ನು ಮಾತ್ರ ಯಾರೂ ಮಾಡುವುದಿಲ್ಲ. ಗೆಲ್ಲುತ್ತಿರುವ ತಂಡ ನಿಜವಾಗಿಯೂ ಸರಿಯಿದೆಯೇ? 2022-23ರಲ್ಲಿ ನಮ್ಮ ತಂಡ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ಮೊದಲ 12 ಪಂದ್ಯಗಳಲ್ಲಿ ಮೂರನ್ನು ಮಾತ್ರ ಗೆದ್ದಿತ್ತು. ಆಮೇಲೆ ಸತತವಾಗಿ ಎಂಟು ಗೆಲುವು, ನಾಲ್ಕನೇ ಸ್ಥಾನ. ಪ್ಲೇ ಆಫ್‌ನಲ್ಲಿ 96ನೇ ನಿಮಿಷಕ್ಕೆ ಸುನಿಲ್ ಚೆಟ್ರಿ ಎದುರಾಳಿಗಳು ಸಾಲು ಕಟ್ಟುವ ಮೊದಲೇ ಫ್ರೀ ಕಿಕ್ ಒದ್ದರು, ಕೇರಳ ಬ್ಲಾಸ್ಟರ್ಸ್ ತಂಡ ಸಿಟ್ಟಿನಿಂದ ಮೈದಾನ ಬಿಟ್ಟು ಹೊರನಡೆಯಿತು. ಸೆಮಿಫೈನಲ್‌ನಲ್ಲಿ ಮುಂಬೈ ವಿರುದ್ಧ ಪೆನಾಲ್ಟಿಗಳಲ್ಲಿ 9-8. ಫೈನಲ್‌ನಲ್ಲಿ ಮತ್ತೆ ಪೆನಾಲ್ಟಿ, ಅಲ್ಲಿ ಸೋಲು. ನಾವೆಲ್ಲ ಕುಣಿದಾಡಿದೆವು, ನಾನೂ ಕುಣಿದೆ. ಆದರೆ ಆ ಮೊದಲ 12 ಪಂದ್ಯಗಳಲ್ಲಿ ಬೇರಿಂಗ್ ಕಿರುಗುಟ್ಟಿದ್ದನ್ನು ಯಾರು ಬರೆದಿಟ್ಟುಕೊಂಡರು? ಕೊನೆಯ ಎರಡು ತಿಂಗಳ ಓಟದ ಸದ್ದಿನಲ್ಲಿ ಅದು ಮುಚ್ಚಿಹೋಯಿತು.

ಲಾಗ್ ಪುಸ್ತಕ ಬಿಚ್ಚಿ

ದೋಷ ಹುಡುಕುವವನಿಗೆ ಇದಕ್ಕಿಂತ ದೊಡ್ಡ ಸಾಧನವಿಲ್ಲ. ಬೆಂಗಳೂರು ಎಫ್‌ಸಿ ಐಎಸ್‌ಎಲ್‌ಗೆ ಬಂದಂದಿನಿಂದ ಲೀಗ್ ಹಂತದ ಲೆಕ್ಕ ಹೀಗಿದೆ. ಕೊನೆಯ ಅಂಕಿ, ಒಂದು ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ಎಂಬುದು.

2017-18: 18 ಪಂದ್ಯ, 40 ಅಂಕ, 1ನೇ ಸ್ಥಾನ. 2.22
2018-19: 18 ಪಂದ್ಯ, 34 ಅಂಕ, 1ನೇ ಸ್ಥಾನ. 1.89
2019-20: 18 ಪಂದ್ಯ, 30 ಅಂಕ, 3ನೇ ಸ್ಥಾನ. 1.67
2020-21: 20 ಪಂದ್ಯ, 22 ಅಂಕ, 7ನೇ ಸ್ಥಾನ. 1.10
2021-22: 20 ಪಂದ್ಯ, 29 ಅಂಕ, 6ನೇ ಸ್ಥಾನ. 1.45
2022-23: 20 ಪಂದ್ಯ, 34 ಅಂಕ, 4ನೇ ಸ್ಥಾನ. 1.70
2023-24: 22 ಪಂದ್ಯ, 22 ಅಂಕ, 10ನೇ ಸ್ಥಾನ. 1.00
2024-25: 24 ಪಂದ್ಯ, 38 ಅಂಕ, 3ನೇ ಸ್ಥಾನ. 1.58

ಮೊದಲ ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟು ಕೆಳಗೆ ಎಳೆಯಿರಿ. 2018-19 ಎಂದರೆ ನಾವು ಕಪ್ ಗೆದ್ದ ವರ್ಷ. ಮುಂಬೈಯಲ್ಲಿ ಗೋವಾ ವಿರುದ್ಧದ ಫೈನಲ್‌ನಲ್ಲಿ ಹೆಚ್ಚುವರಿ ಸಮಯದ ಕೊನೆಗೆ, ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ರಾಹುಲ್ ಭೆಕೆ ತಲೆ ಕೊಟ್ಟ ಗೋಲು ಯಾರಿಗೆ ಮರೆತೀತು? ಆದರೆ ಕಪ್ ಬಂದ ಆ ವರ್ಷವೇ ಸರಾಸರಿ ಇಳಿದಿದೆ. ಮರುವರ್ಷ ಇನ್ನಷ್ಟು. ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹುದ್ದೆ ಕಳೆದುಕೊಂಡದ್ದು 2021ರ ಜನವರಿಯಲ್ಲಿ, ಸಾಲು ಸೋಲುಗಳ ನಂತರ. ಇಳಿಜಾರು ಅಷ್ಟು ಹೊತ್ತಿಗೆ ಎರಡು ವರ್ಷ ಹಳೆಯದಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ರೋಗ ಮಾತ್ರ ಗೊತ್ತಾಗುತ್ತದೆ. ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲುಗಳನ್ನು ಬೇರೆ ಬೇರೆ ಮಾಡಿ. ಇನ್‌ಪುಟ್‌ಗೊಂದು ಔಟ್‌ಪುಟ್‌ಗೊಂದು ಮೀಟರ್ ಹಿಡಿಯುವ ಹಾಗೆ. 2017-18ರಲ್ಲಿ ಹೊಡೆದದ್ದು 35, ಮರುವರ್ಷ 29, ಅದರ ಮರುವರ್ಷ 22. ಮೊದಲ ಸೀಸನ್‌ನಲ್ಲಿ ವೆನೆಜುವೆಲಾದ ಮಿಕು ಒಬ್ಬರೇ 15 ಗೋಲು ಹೊಡೆದಿದ್ದರು, ಚೆಟ್ರಿ 14. 2019ರಲ್ಲಿ ಮಿಕು ಹೋದರು. ಅವರ ಜಾಗಕ್ಕೆ ಬಂದವರಿಂದ ಆ ಜಾಗ ತುಂಬಲಿಲ್ಲ. ಆದರೂ 2019-20ರಲ್ಲಿ ಮೂರನೇ ಸ್ಥಾನ ಸಿಕ್ಕಿದ್ದು ಹೇಗೆ? ರಕ್ಷಣೆಯಿಂದ. ಆ ವರ್ಷ 18 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 13 ಗೋಲು ಮಾತ್ರ. ಒಂದು ಫೇಸ್ ಹೋದರೂ ಮೋಟಾರ್ ಗೊಣಗುತ್ತಾ ಸ್ವಲ್ಪ ಹೊತ್ತು ತಿರುಗುತ್ತದೆ, ಉಳಿದೆರಡು ಫೇಸ್‌ಗಳು ಹೆಚ್ಚು ಭಾರ ಎಳೆದು ಬಿಸಿಯಾಗುತ್ತವೆ. ಇಲ್ಲಿಯೂ ಅದೇ ಆಯಿತು. ಮರುವರ್ಷ, ಅಂದರೆ ಕೋಚ್ ಹೋದ ವರ್ಷ, ಹೊಡೆದ ಗೋಲು 26ಕ್ಕೆ ಏರಿತು, ಬಿಟ್ಟುಕೊಟ್ಟದ್ದು 28. ಬೆಂಕಿ ಹತ್ತಿದ್ದು ಅಷ್ಟು ದಿನ ಭಾರ ಹೊತ್ತಿದ್ದ ಕಡೆಯಲ್ಲಿ.

ಆ ಕಡೆಯಲ್ಲಿ ಯಾರಿದ್ದರು ನೋಡಿ. 2020-21ರ ಸೀಸನ್ ಶುರುವಾದಾಗ ನಡುಗಡೆ ಆಡುತ್ತಿದ್ದ ಡಿಮಾಸ್‌ಗೆ 37 ವರ್ಷ, ಎರಿಕ್ ಪಾರ್ಟಾಲುಗೆ 34, ಹಿಂಬದಿಯ ಹುವಾನನ್‌ಗೆ 33. ಮುಂದೆ ಚೆಟ್ರಿಗೆ 36. ಬದಿಯಲ್ಲಿ ಆಡುತ್ತಿದ್ದ ಯುವಕ ನಿಶು ಕುಮಾರ್ ಆ ಬೇಸಿಗೆಯಲ್ಲೇ ಕೇರಳ ಬ್ಲಾಸ್ಟರ್ಸ್‌ಗೆ ಹೋಗಿದ್ದರು. ಈ ಮೂವರು ವಿದೇಶಿ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಕಪ್ ತಂದುಕೊಟ್ಟವರೇ ಅವರು. ಆದರೆ ಸವೆಯುವ ಭಾಗಕ್ಕೆ ಬದಲಿ ಭಾಗವನ್ನು ಸ್ಟೋರಿನಲ್ಲಿ ಇಟ್ಟಿರಬೇಕಾದದ್ದು ಯಾರ ಕೆಲಸ? ಕೋಚ್ ಬೇಡಿಕೆ ಪಟ್ಟಿ ಬರೆಯಬಹುದು. ಖರೀದಿಯ ಸಹಿ ಕಚೇರಿಯದು.

ದೋಷಕ್ಕೆ ಎಷ್ಟು ವಯಸ್ಸು?

ಈ ಇಡೀ ಬರಹದಲ್ಲಿ ನನ್ನದು ಎಂದು ಹೇಳಬಹುದಾದ ಮಾತು ಇದೊಂದೇ. ದೋಷ ಎಷ್ಟು ಹಳೆಯದು ಎಂದು ಗೊತ್ತಾದರೆ ಅದರ ವಾರಸುದಾರ ಯಾರು ಎಂದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ಏಕೆಂದರೆ ಕ್ಲಬ್ಬಿನಲ್ಲಿ ಪ್ರತಿಯೊಬ್ಬರ ಕೈಗೂ ಬೇರೆ ಬೇರೆ ಉದ್ದವಿದೆ.

ಎರಡು ಮೂರು ವಾರದ ದೋಷವಾದರೆ ಆಟಗಾರರ ಹತ್ತಿರ ಹೋಗಿ. ಗಾಯ, ದಣಿವು, ಒಬ್ಬನ ಕೆಂಪು ಕಾರ್ಡು, ಗೋಲ್‌ಕೀಪರ್‌ನ ಕೆಟ್ಟ ದಿನ. ಇವು ತಾವಾಗಿಯೇ ಇಳಿಯುವ ಜ್ವರಗಳು.

ಕೆಲವು ತಿಂಗಳುಗಳಿಂದ ಒಂದೇ ರೀತಿಯ ಗೋಲು ಬೀಳುತ್ತಿದ್ದರೆ ಅದು ಕೋಚ್‌ನದು. ಅದೇ ಕಾರ್ನರ್, ಅದೇ ದೂರದ ಕಂಬದ ಬಳಿ ಖಾಲಿ ಬಿಟ್ಟ ಎದುರಾಳಿ, ಅದೇ 70ನೇ ನಿಮಿಷದ ನಂತರದ ಕುಸಿತ. ಹನ್ನೊಂದು ಜನರ ಆಯ್ಕೆ, ಯಾರು ಎಲ್ಲಿ ನಿಲ್ಲಬೇಕು, ಬದಲಿ ಆಟಗಾರನನ್ನು ಯಾವಾಗ ಇಳಿಸಬೇಕು, ಅಭ್ಯಾಸದಲ್ಲಿ ಏನು ಮಾಡಿಸಬೇಕು: ಇಷ್ಟು ಅವನ ಕೈಗೆ ಎಟುಕುತ್ತವೆ. ಇವುಗಳನ್ನು ಹದಿನೈದು ದಿನಗಳಲ್ಲಿ ತಿದ್ದಲು ಸಾಧ್ಯ. ಸಾಧ್ಯವಿದ್ದೂ ತಿದ್ದದಿದ್ದರೆ ನೆಪಗಳಿಗೆ ಕಿವಿಗೊಡಬೇಡಿ.

ಒಂದು ಸೀಸನ್‌ನಷ್ಟು ಹಳೆಯ ದೋಷವಾದರೆ ಆಟಗಾರರನ್ನು ಕೊಂಡವರು ಯಾರು, ಬಿಟ್ಟುಕೊಟ್ಟವರು ಯಾರು ಎಂದು ಕೇಳಿ. ಕೆಲವು ಕ್ಲಬ್‌ಗಳಲ್ಲಿ ಅದನ್ನು ಕೋಚ್ ನಿರ್ಧರಿಸುತ್ತಾನೆ, ಕೆಲವು ಕಡೆ ಕ್ರೀಡಾ ನಿರ್ದೇಶಕ, ಇನ್ನು ಕೆಲವೆಡೆ ಮಾಲೀಕನ ಮಗ. ಹೆಸರಿನ ಮುಂದಿನ ಪದವಿಯನ್ನು ನೋಡಬೇಡಿ, ಸಹಿಯನ್ನು ನೋಡಿ.

ಹತ್ತು ವರ್ಷದ ದೋಷವಾದರೆ ಮಾಲೀಕನನ್ನು ಬಿಟ್ಟು ಬೇರೆ ವಾರಸುದಾರನೇ ಇಲ್ಲ. ಇದಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ಒಳ್ಳೆಯ ಉದಾಹರಣೆ ಬೇಡ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಕ್ಲಬ್ ಕೊಂಡಿತು, ಆ ಸಾಲವನ್ನು ಕ್ಲಬ್ಬಿನ ತಲೆಯ ಮೇಲೆಯೇ ಹೇರಿತು. ಕೋಚ್ ಅಲೆಕ್ಸ್ ಫರ್ಗುಸನ್ ಇರುವವರೆಗೆ ಹೊರಗೆ ಏನೂ ಕಾಣಲಿಲ್ಲ. ಒಳ್ಳೆಯ ಆಪರೇಟರ್ ಹಳೆಯ ಯಂತ್ರವನ್ನೂ ಓಡಿಸುತ್ತಾನೆ. 2013ರಲ್ಲಿ ಅವರು ನಿವೃತ್ತರಾದರು. ಆಮೇಲೆ ಮೋಯಸ್, ವಾನ್ ಹಾಲ್, ಮೌರಿನ್ಯೊ, ಸೋಲ್‌ಶಾಯರ್, ಹಂಗಾಮಿಯಾಗಿ ರಾಂಗ್ನಿಕ್, ಟೆನ್ ಹಾಗ್, ಅಮೊರಿಮ್. 2024-25ರಲ್ಲಿ 38 ಪಂದ್ಯಗಳಿಗೆ 42 ಅಂಕ, 15ನೇ ಸ್ಥಾನ. ಬೇರೆ ಬೇರೆ ದೇಶದ, ಬೇರೆ ಬೇರೆ ಸ್ವಭಾವದ, ಬೇರೆ ಬೇರೆ ರೀತಿಯ ಆಟ ಆಡಿಸುವ ಇಷ್ಟು ಜನ ಒಬ್ಬರ ಹಿಂದೆ ಒಬ್ಬರು ಸುಟ್ಟುಹೋದರೆ, ಫ್ಯೂಸ್ ಕಂಪನಿಯನ್ನು ಬೈಯುವುದು ಬಿಟ್ಟು ಗೋಡೆಯೊಳಗಿನ ವೈರಿಂಗ್ ನೋಡಬೇಕಲ್ಲವೇ?

ಬೆಂಗಳೂರಿನ ಮಾಲೀಕರನ್ನು ಇದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯವಾದೀತು. 2013ರಲ್ಲಿ ಜೆಎಸ್‌ಡಬ್ಲ್ಯು ಈ ಕ್ಲಬ್ ಕಟ್ಟಿದ ಮೇಲೆ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದದ್ದು, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ ತಲುಪಿದ್ದು, ಬಳ್ಳಾರಿಯ ಕಡೆ ವಸತಿ ಅಕಾಡೆಮಿ ನಡೆಸಿದ್ದು ಸುಮ್ಮನೆ ಆದ ಕೆಲಸಗಳಲ್ಲ. ತಾಳ್ಮೆಯನ್ನೂ ಒಮ್ಮೆ ತೋರಿಸಿದ್ದಾರೆ. 2016-17ರ ಐ-ಲೀಗ್‌ನಲ್ಲಿ ತಂಡ ವಾರಗಟ್ಟಲೆ ಗೆಲುವಿಲ್ಲದೆ ಒದ್ದಾಡಿ ನಾಲ್ಕನೆಯದಾಯಿತು. ಆದರೂ ಕೋಚ್ ಆಲ್ಬರ್ಟ್ ರೋಕಾ ಅವರನ್ನು ಉಳಿಸಿಕೊಂಡರು. ಅದೇ ಮೇ ತಿಂಗಳಲ್ಲಿ ಕಟಕ್‌ನಲ್ಲಿ ಬದಲಿ ಆಟಗಾರನಾಗಿ ಇಳಿದ ಸಿ.ಕೆ. ವಿನೀತ್ ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದು ಮೋಹನ್ ಬಾಗನ್‌ನಿಂದ ಫೆಡರೇಷನ್ ಕಪ್ ಕಿತ್ತುಕೊಂಡರು. ಮುಂದಿನ ಸೀಸನ್ನೇ ಆ 40 ಅಂಕದ ಸೀಸನ್. ಅದೇ ಕ್ಲಬ್ಬಿನಲ್ಲಿ 2021ರ ಜನವರಿಯಿಂದ 2023ರ ಡಿಸೆಂಬರ್‌ವರೆಗಿನ ಮೂರು ವರ್ಷಗಳಲ್ಲಿ ಕ್ವಾಡ್ರಾಟ್, ಪೆಜ್ಜಯುಓಲಿ, ಗ್ರೇಸನ್ ಮೂವರೂ ಹೋದರು, ನಾಲ್ಕನೆಯವರು ಬಂದರು. ನಡುವಿನ ಹಂಗಾಮಿಗಳನ್ನು ಎಣಿಸಿಲ್ಲ.

ಭಾಗ ಬದಲಿಸಿ ನೋಡುವ ಪರೀಕ್ಷೆ

ಮೀಟರ್‌ಗೂ ಸಿಗದ ದೋಷವಿದ್ದರೆ ಅನುಮಾನದ ಭಾಗವನ್ನು ಕಿತ್ತು ಪಕ್ಕದ ಚೆನ್ನಾಗಿರುವ ಯಂತ್ರಕ್ಕೆ ಹಾಕಿ ನೋಡುತ್ತೇವೆ. ಅಲ್ಲಿ ಓಡಿದರೆ ಭಾಗ ಸರಿಯಿದೆ, ನಮ್ಮ ಯಂತ್ರ ಕೆಟ್ಟಿದೆ. ಫುಟ್‌ಬಾಲ್‌ನಲ್ಲಿ ಈ ಪರೀಕ್ಷೆಯನ್ನು ವರ್ಗಾವಣೆ ಮಾರುಕಟ್ಟೆಯೇ ಉಚಿತವಾಗಿ ಮಾಡಿಕೊಡುತ್ತದೆ, ಫಲಿತಾಂಶ ಓದುವವರು ಕಡಿಮೆ.

ಸ್ಪೇನ್‌ನ ಮಾನ್ವೆಲ್ ಒನ್ವು 2019-20ರಲ್ಲಿ ನಮ್ಮಲ್ಲಿ ಗೋಲಿಗಾಗಿ ಪರದಾಡಿದರು. "ಈತ ಸ್ಟ್ರೈಕರೇ ಅಲ್ಲ" ಎಂದು ಗ್ಯಾಲರಿಯಲ್ಲಿ ತೀರ್ಪು ಕೊಟ್ಟವರಲ್ಲಿ ನಾನೂ ಒಬ್ಬ. ಸೀಸನ್‌ನ ನಡುವೆಯೇ ಒಡಿಶಾಗೆ ಎರವಲು ಕೊಟ್ಟರು. ಅಲ್ಲಿ ನಾಲ್ಕು ಪಂದ್ಯಗಳಲ್ಲಿ ಏಳು ಗೋಲು! ಕಾಲು ಅದೇ, ಬೂಟು ಅದೇ. ಅಂದ ಮೇಲೆ ಚೆಂಡು ಅವರ ಕಾಲಿಗೆ ತಲುಪುವ ದಾರಿ ನಮ್ಮಲ್ಲಿ ಕಟ್ಟಿಹೋಗಿತ್ತು ಎಂದೇ ಅರ್ಥ. ಇಲ್ಲಿ ಕ್ವಾಡ್ರಾಟ್ ಅವರ ಪಾಲೂ ಇದೆ. ಅವರ ತಂಡ ನಿಂತ ಚೆಂಡುಗಳ ಮೇಲೆ, ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಮೇಲೆ ಬಹಳ ನೆಚ್ಚಿಕೊಂಡಿತ್ತು.

2023ರ ಬೇಸಿಗೆಯಲ್ಲಿ ನಮ್ಮ ಸ್ಟ್ರೈಕರ್ ರಾಯ್ ಕೃಷ್ಣ ಕೂಡ ಒಡಿಶಾಗೆ ಹೋದರು. 2023-24ರಲ್ಲಿ ಅವರು ಅಲ್ಲಿ 13 ಗೋಲು ಹೊಡೆದರು. ಆ ಸೀಸನ್‌ನಲ್ಲಿ ನಮ್ಮ ಇಡೀ ತಂಡ 22 ಪಂದ್ಯಗಳಲ್ಲಿ ಹೊಡೆದದ್ದು 20. ಹಿಂಬದಿಯಿಂದ ಸಂದೇಶ್ ಜಿಂಗನ್ ಗೋವಾಗೆ ಹೋದರು. ನಾವು ಬಿಟ್ಟುಕೊಟ್ಟದ್ದು 34. ಸೀಸನ್ ಶುರುವಾಗುವ ಹೊತ್ತಿಗೆ ಚೆಟ್ರಿ ಭಾರತ ತಂಡದ ಜತೆ ಏಷ್ಯನ್ ಗೇಮ್ಸ್‌ಗೆಂದು ಹಾಂಗ್‌ಝೌನಲ್ಲಿದ್ದರು, ಮೊದಲ ಎರಡು ಪಂದ್ಯ ಸೋತೆವು. ಇಷ್ಟನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟು, ಆಮೇಲೆ ಡಿಸೆಂಬರ್ 8ರ ಗ್ರೇಸನ್ ಅವರನ್ನು ನೋಡಿ. ಅವರು ನಿರ್ದೋಷಿ ಎಂದು ನಾನು ಹೇಳುವುದಿಲ್ಲ. ತವರಿನಲ್ಲಿ 0-4 ಸೋಲುವ ತಂಡದ ಕೋಚ್‌ಗೆ ಉತ್ತರ ಕೊಡುವ ಹೊಣೆ ಇದ್ದೇ ಇದೆ. ಆದರೆ ಉತ್ತರ ಕೊಡಬೇಕಾದ ಸಾಲಿನಲ್ಲಿ ಅವರ ಹಿಂದೆ ಇನ್ನೂ ಕೆಲವರು ನಿಂತಿರಬೇಕಿತ್ತು. ಐಎಸ್‌ಎಲ್‌ನಲ್ಲಿ ಕೆಳಗಿನ ದರ್ಜೆಗೆ ಬೀಳುವ ಭಯವೂ ಇರಲಿಲ್ಲ. 12 ತಂಡಗಳಲ್ಲಿ 10ನೆಯದಾದರೂ ಮರುವರ್ಷ ಅದೇ ಕುರ್ಚಿ, ಅದೇ ಲೀಗ್. ಅಲಾರಂ ಇಲ್ಲದ ಪ್ಯಾನೆಲ್ ಬೋರ್ಡಿನಲ್ಲಿ ಬಿಸಿಯಾಗುವುದು ಕಣ್ಣಿಗೆ ಬೀಳುವುದು ತಡವಾಗಿ.

ಫ್ಯೂಸೇ ಕೆಟ್ಟಿರುವ ಸಂದರ್ಭ

ಇಷ್ಟು ಹೇಳಿದ ಮೇಲೆ, ಕೋಚ್ ಯಾವತ್ತೂ ಬಡಪಾಯಿ ಎಂದುಕೊಂಡರೆ ಅದೂ ತಪ್ಪು. ಫ್ಯೂಸ್ ಕೂಡ ಕೆಡುತ್ತದೆ. ಚೆಲ್ಸಿ 2015ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಚಾಂಪಿಯನ್. ಅದೇ ಡಿಸೆಂಬರ್‌ನಲ್ಲಿ 16 ಪಂದ್ಯಗಳಲ್ಲಿ 9 ಸೋಲು, 16ನೇ ಸ್ಥಾನ. ಆಟಗಾರರು ಬಹುಪಾಲು ಅವರೇ, ಮಾಲೀಕ ಅವನೇ, ಹಣವೂ ಅಷ್ಟೇ. ಏಳು ತಿಂಗಳ ದೋಷ. ಸೀಸನ್‌ನ ಮೊದಲ ಪಂದ್ಯದಲ್ಲೇ, ಬಿದ್ದ ಆಟಗಾರನನ್ನು ನೋಡಲು ಓಡಿಹೋದ ತಂಡದ ವೈದ್ಯೆಯ ಮೇಲೆ ಕೋಚ್ ಮೌರಿನ್ಯೊ ಎಲ್ಲರೆದುರು ಹರಿಹಾಯ್ದಿದ್ದರು. ಡ್ರೆಸ್ಸಿಂಗ್ ರೂಮಿನ ಗಾಳಿ ಅಲ್ಲಿಂದಲೇ ಕೆಟ್ಟಿತು. ಡಿಸೆಂಬರ್ 17ರಂದು ಅವರನ್ನು ತೆಗೆದರು. ವಯಸ್ಸಿನ ಲೆಕ್ಕದ ಪ್ರಕಾರ ಅದು ಸರಿಯಾದ ರಿಪೇರಿ. ಮರುವರ್ಷ ಬಂದ ಆಂಟೋನಿಯೊ ಕಾಂಟೆ, ಆರ್ಸೆನಲ್ ವಿರುದ್ಧ 0-3 ಸೋತ ಮೇಲೆ ಹಿಂಬದಿಗೆ ಮೂವರನ್ನು ನಿಲ್ಲಿಸುವ ವ್ಯವಸ್ಥೆಗೆ ತಿರುಗಿ ಸತತ 13 ಪಂದ್ಯ ಗೆದ್ದರು. 93 ಅಂಕ, ಮತ್ತೆ ಚಾಂಪಿಯನ್.

ಆ ತಂಡಕ್ಕೆ ಹೊಸದಾಗಿ ಬಂದಿದ್ದವರು ಎನ್ಗೊಲೊ ಕಾಂಟೆ. (ಕೋಚ್ ಕಾಂಟೆ ಬೇರೆ, ಇವರು ಬೇರೆ. ಕನ್ನಡದಲ್ಲಿ ಬರೆಯುವವನ ಕಷ್ಟ.) ಅವರು ಬಂದದ್ದು ಲೆಸ್ಟರ್ ಸಿಟಿಯಿಂದ. 81 ಅಂಕ ಗಳಿಸಿ ಇಂಗ್ಲೆಂಡನ್ನೇ ಬೆಚ್ಚಿಬೀಳಿಸಿ ಲೀಗ್ ಗೆದ್ದ ತಂಡದ ನಡುಗಂಬವನ್ನು ಮಾರಿದ ಮೇಲೆ ಲೆಸ್ಟರ್ ಕುಸಿಯಿತು. 2017ರ ಫೆಬ್ರುವರಿ 23ರಂದು ಕೋಚ್ ಕ್ಲಾಡಿಯೊ ರನಿಯೇರಿ ಅವರನ್ನು ತೆಗೆದರು, ಕಪ್ ಗೆದ್ದು ಒಂಬತ್ತು ತಿಂಗಳಷ್ಟೇ ಆಗಿತ್ತು. ಭಾಗ ಹೋದದ್ದು ಒಂದು ಕಡೆ, ಫ್ಯೂಸ್ ಸುಟ್ಟದ್ದು ಇನ್ನೊಂದು ಕಡೆ.

ಬದಲಿಸಿದ ಮೇಲೆ ದೀಪ ಹತ್ತಿತಲ್ಲ?

ಹತ್ತುತ್ತದೆ. ರನಿಯೇರಿ ಹೋದ ಮೇಲೆ ಅವರ ಸಹಾಯಕ ಕ್ರೇಗ್ ಶೇಕ್ಸ್‌ಪಿಯರ್ ಲೀಗ್‌ನಲ್ಲಿ ಮೊದಲ ಐದೂ ಪಂದ್ಯ ಗೆದ್ದರು. "ನೋಡಿ, ದೋಷ ಅವರಲ್ಲೇ ಇತ್ತು" ಎಂದು ಎಲ್ಲರೂ ಹೇಳಿದರು. ಎಂಟು ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಶೇಕ್ಸ್‌ಪಿಯರ್ ಅವರನ್ನೂ ತೆಗೆದರು.

ಹಾಲೆಂಡಿನ ಅರ್ಥಶಾಸ್ತ್ರಜ್ಞ ಬಾಸ್ ತೆರ್ ವೇಲ್ ಇದನ್ನು ತಾಳ್ಮೆಯಿಂದ ಲೆಕ್ಕ ಹಾಕಿದ್ದಾರೆ. ಡಚ್ ಲೀಗ್‌ನ 1986ರಿಂದ 2004ರವರೆಗಿನ ದಾಖಲೆಗಳಲ್ಲಿ, ಕೋಚ್ ಬದಲಿಸಿದ ತಂಡಗಳು ಆಮೇಲೆ ಚೇತರಿಸಿಕೊಂಡವು, ನಿಜ. ಆದರೆ ಅಷ್ಟೇ ಕೆಟ್ಟ ಸ್ಥಿತಿಯಲ್ಲಿದ್ದೂ ಕೋಚನ್ನು ಬದಲಿಸದ ತಂಡಗಳೂ ಹೆಚ್ಚುಕಡಿಮೆ ಅಷ್ಟೇ ಚೇತರಿಸಿಕೊಂಡವು. ಕೋಚನ್ನು ತೆಗೆಯುವುದು ತಂಡ ತೀರಾ ತಳ ಮುಟ್ಟಿದಾಗ. ತಳ ಮುಟ್ಟಿದ ಮೇಲೆ ಇರುವ ದಾರಿ ಮೇಲಕ್ಕೆ. ನೆಗಡಿಗೆ ಮಾತ್ರೆ ನುಂಗಿದರೆ ಏಳು ದಿನ, ನುಂಗದಿದ್ದರೆ ಒಂದು ವಾರ.

ಹಾಗಾಗಿ ನನ್ನ ನಿಯಮ: ಹೊಸ ಕೋಚ್ ಬಂದ ಮೊದಲ ಐದಾರು ಪಂದ್ಯಗಳ ರೀಡಿಂಗ್ ಬರೆದುಕೊಳ್ಳಿ, ಆದರೆ ಅದರ ಮೇಲೆ ತೀರ್ಪು ಬರೆಯಬೇಡಿ.

ರಿಪೇರಿ ಆಗಿದೆ ಎಂದು ತಿಳಿಯುವುದು

ಗ್ರೇಸನ್ ಜಾಗಕ್ಕೆ ಗೆರಾರ್ಡ್ ಜರಾಗೋಜಾ ಬಂದರು. ಬಂದ ವರ್ಷ ದೀಪವೂ ಹತ್ತಲಿಲ್ಲ. ಸೀಸನ್ ಮುಗಿದಾಗ 22 ಪಂದ್ಯ, 22 ಅಂಕ. ನನ್ನ ಪಕ್ಕದ ಸೀಟಿನವರು ಮತ್ತೆ ಎದ್ದು ನಿಂತಿದ್ದರು. ಈ ಸಲ ಕ್ಲಬ್ ಫ್ಯೂಸ್ ಮುಟ್ಟಲಿಲ್ಲ, ಬೇರಿಂಗ್ ಬಿಚ್ಚಿತು. ಭೆಕೆ ಮರಳಿ ಬಂದರು. ಮುಂಬೈಯಿಂದಲೇ ಆಲ್ಬರ್ಟೊ ನೊಗ್ವೇರಾ, ಜಾರ್ಜ್ ಪೆರೇರಾ ಡಿಯಾಜ್ ಬಂದರು. ನಡುಗಡೆ ಪೆಡ್ರೊ ಕಾಪೊ, ಮುಂದೆ ಎಡ್ಗರ್ ಮೆಂಡೆಜ್. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧದ ಮೊದಲ ಪಂದ್ಯದ ಒಂದೇ ಗೋಲನ್ನು ಹೊಡೆದದ್ದು ಕ್ಲಬ್ಬಿನ ಸ್ವಂತ ಅಕಾಡೆಮಿಯ ಹುಡುಗ ವಿನೀತ್ ವೆಂಕಟೇಶ್. ಚೆಂಡು ಬಲೆಗೆ ಬಿದ್ದಾಗ ಪಕ್ಕದವರು ನನ್ನ ಭುಜವನ್ನು ಎಷ್ಟು ಜೋರಾಗಿ ಹಿಡಿದರೆಂದರೆ ಮರುದಿನವೂ ನೋಯುತ್ತಿತ್ತು.

ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಮೋಹನ್ ಬಾಗನ್ ಮೇಲೆ 3-0. ನಲವತ್ತು ತುಂಬಿದ ಚೆಟ್ರಿ ಆ ಸೀಸನ್‌ನಲ್ಲಿ 14 ಗೋಲು ಹೊಡೆದರು. ಪ್ಲೇ ಆಫ್‌ನಲ್ಲಿ ಅದೇ ಮುಂಬೈ ಸಿಟಿಗೆ ಐದು. ಏಪ್ರಿಲ್ 12ರಂದು ಕೋಲ್ಕತ್ತದ ಫೈನಲ್‌ನಲ್ಲಿ ಹೆಚ್ಚುವರಿ ಸಮಯದವರೆಗೆ ಕಾದಾಡಿ 1-2ರಿಂದ ಸೋತರು. ಕೋಚ್ ಅವರೇ, ಗೋಲ್‌ಕೀಪರ್ ಗುರುಪ್ರೀತ್ ಅವರೇ, ನಾಯಕ ಅವರೇ. ಹತ್ತನೇ ಸ್ಥಾನದಿಂದ ಫೈನಲ್‌ಗೆ ಬರುವಾಗ ಬದಲಾಗಿದ್ದು ಸ್ಟೋರಿನಿಂದ ಬಂದ ಭಾಗಗಳು. 2023-24ರ ದೋಷ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಬೇಕಿಲ್ಲ. ಆದರೆ ಲಾಗ್ ಪುಸ್ತಕದ ಇನ್ನೊಂದು ಸಾಲನ್ನೂ ಓದಿ: ಆ ಸೀಸನ್‌ನ ಅತಿ ಹೆಚ್ಚು ಭಾರ ಹೊತ್ತದ್ದು ನಲವತ್ತು ವರ್ಷದ ಕಾಲುಗಳು. ಬದಲಿ ಭಾಗ ಎಲ್ಲಿ ಎಂಬ 2020ರ ಪ್ರಶ್ನೆ ಆ ಜಾಗದಲ್ಲಿ ಹಾಗೆಯೇ ನಿಂತಿದೆ.

ಇಡೀ ಬೀದಿಗೇ ಕರೆಂಟ್ ಇಲ್ಲದಿದ್ದರೆ

ಕೊನೆಯದಾಗಿ ಒಂದು ಪರೀಕ್ಷೆ, ನಿಜಕ್ಕೂ ಎಲ್ಲಕ್ಕಿಂತ ಮೊದಲೇ ಮಾಡಬೇಕಾದದ್ದು. ಬಾಗಿಲು ತೆಗೆದು ಪಕ್ಕದ ಮನೆಯಲ್ಲಿ ದೀಪ ಇದೆಯೇ ನೋಡಿ. 2020-21ರ ಕುಸಿತಕ್ಕೆ ಕೆಲವರು ಕೋವಿಡ್ ಕಾರಣ ಕೊಡುತ್ತಾರೆ. ಪಂದ್ಯಗಳೆಲ್ಲ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆದವು ಎನ್ನುತ್ತಾರೆ. ನಡೆದದ್ದು ನಿಜ. ಆದರೆ 11 ತಂಡಗಳಿಗೂ ಅದೇ ಗೋವಾ, ಅದೇ ಖಾಲಿ ಕುರ್ಚಿಗಳು. ಎಲ್ಲರ ಮನೆಯಲ್ಲೂ ವೋಲ್ಟೇಜ್ ಕಡಿಮೆ ಇದ್ದಾಗ ನಮ್ಮ ಮೋಟಾರ್ ಮಾತ್ರ ನಿಂತರೆ, ವೋಲ್ಟೇಜ್ ಒಂದೇ ಕಾರಣವಾಗುವುದಿಲ್ಲ.

2025ರದು ಬೇರೆ ಕಥೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಕಂಪನಿಯ ನಡುವೆ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ ಮುಗಿಯುತ್ತ ಬಂದಿತ್ತು, ಹೊಸದಕ್ಕೆ ಸಹಿ ಬಿದ್ದಿರಲಿಲ್ಲ. ಜುಲೈಯಲ್ಲಿ ಐಎಸ್‌ಎಲ್ ಸೀಸನ್ನನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟವಾಗಿ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಸುದ್ದಿ ಬಂದ ಸಂಜೆ ಪಕ್ಕದ ಸೀಟಿನವರ ಫೋನ್ ಬಂತು.

"ಈಗ ಯಾರನ್ನು ತೆಗೆಯಬೇಕು ಸಾರ್?"

"ಮನೆಯೊಳಗೆ ಏನೂ ಬಿಚ್ಚಬೇಡಿ" ಎಂದೆ. "ಹೊರಗೆ ಹೋಗಿ ಕಂಬ ನೋಡಿ."